ನೀರಿನ ವರದಿಯೂ ಶಾಲೆಯ ಪಾಠವೂ

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಸೀಮೆಯವರು ಕೆರೆಗಳನ್ನು ಕಟ್ಟಿ ಬದುಕಿದವರು. ಕೆರೆಗಳು ಬತ್ತಿದ ಮೇಲೆ ಕೊಳವೆ ಬಾವಿಗಳನ್ನು ನಂಬಿದರು. ಆಳದಿಂದ ಎತ್ತುವ ಆ ನೀರಿನಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಲವೆಡೆ ಫ್ಲೋರೈಡ್ ಮಿತಿಮೀರಿರುವುದು ವಾಚಕರಿಗೆ ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದುಕಲೆಗಳನ್ನು ಮೂಡಿಸಿ, ಬಹುಕಾಲ ಕುಡಿದವರ ಎಲುಬು ಕೀಲುಗಳನ್ನು ಬಿಗಿಯುವ ಈ ದೋಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆಯ ವರದಿಯಿಂದಲ್ಲದೆ ಅದನ್ನು ಅರಿಯುವ ಮಾರ್ಗವಿಲ್ಲ.

ಆದರೆ ಆ ವರದಿಯನ್ನು ಓದಬಲ್ಲವರೆಷ್ಟು ಮಂದಿ? ಕುದಿಸಿದರೆ ದೋಷವು ಹೋಗುವುದೆಂದು ನೆರೆಯವರು ಹೇಳುವರು. ಕುದಿಸುವುದರಿಂದ ಕ್ರಿಮಿಗಳು ಸಾಯುವುವೇ ಹೊರತು ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುವುದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಂತೆ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸಲಾಗಿದೆ. ಅದು ಅಂತರ್ಜಲವನ್ನು ತುಂಬಲೆಂದೇ ಹೊರತು ನೇರವಾಗಿ ಕುಡಿಯಲೆಂದಲ್ಲ. ಅದನ್ನು ವಿಷವೆಂದು ಒಬ್ಬರು, ಅಮೃತವೆಂದು ಮತ್ತೊಬ್ಬರು ಮೊಬೈಲುಗಳಲ್ಲಿ ಸಾರಿದರೆ, ಎರಡನ್ನೂ ಕೇಳಿದ ಗೃಹಿಣಿಯು ಯಾವುದನ್ನು ನಂಬತಕ್ಕದ್ದು?

ಇದಕ್ಕೆ ಪರಿಹಾರವು ಶಾಲೆಯಲ್ಲಿದೆ. 2020ರಲ್ಲಿ ಆಯುಷ್ಮಾನ್ ಭಾರತದ ಅಂಗವಾಗಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಲ್ಲಿಯೂ ಇಬ್ಬರು ಉಪಾಧ್ಯಾಯರನ್ನು ಆರೋಗ್ಯಬೋಧನೆಗೆ ಸಿದ್ಧಗೊಳಿಸುವ ಉದ್ದೇಶವುಳ್ಳದ್ದು. ಆ ಪಾಠವು ಸೂತ್ರಗಳ ಕಂಠಪಾಠವಾಗಬಾರದು. ಊರಿನ ಬಾವಿಯ ವರದಿಯನ್ನೇ ಮಕ್ಕಳ ಕೈಗೆ ಕೊಡಬೇಕು. ಇದು ಯಾವ ಬಾವಿಯ ನೀರು? ಎಂದು ಪರೀಕ್ಷಿಸಿದರು? ಪರೀಕ್ಷಿಸಿದವರು ಯಾರು? ಲೀಟರಿಗೆ ಎಷ್ಟು ಮಿಲಿಗ್ರಾಂ? ಭಾರತೀಯ ಮಾನಕದ ಪ್ರಕಾರ 1 ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ನೀರು ದೊರೆಯದಿದ್ದಲ್ಲಿ 1.5 ಕಡೆಯ ಮಿತಿ. ಈ ಅಂಕಿಯೊಡನೆ ತಮ್ಮೂರಿನ ಅಂಕಿಯನ್ನು ಹೋಲಿಸಲು ಕಲಿತ ಬಾಲಕನು, ನಾಳೆ ಕೀಲುನೋವಿಗೆ ರಾಮಬಾಣವೆಂದು ಮಾರುವ ಔಷಧದ ಜಾಹೀರಾತಿಗೂ ಅದೇ ಪ್ರಶ್ನೆಗಳನ್ನು ಹಾಕುವನು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡೆಂದ ಹಿರಿಯರ ಮಾತು ಆಗ ಸಾರ್ಥಕವಾಗುವುದು.

ಅಧಿಕಾರವರ್ಗದವರಲ್ಲಿ ನಮ್ಮ ಬಿನ್ನಹವೊಂದುಂಟು. ಪ್ರತಿಯೊಂದು ಊರಿನ ನೀರಿನ ವರದಿಯನ್ನೂ, ದಿನಾಂಕಸಹಿತವಾಗಿ, ತಿಳಿಗನ್ನಡದಲ್ಲಿ, ಆಯಾ ಶಾಲೆಯ ಗೋಡೆಯ ಮೇಲೆ ಪ್ರಕಟಿಸತಕ್ಕದ್ದು. ಮಕ್ಕಳು ಪ್ರಶ್ನೆ ಕೇಳಿಯಾರೆಂಬ ಅಂಜಿಕೆ ಬೇಡ. ಶುದ್ಧೀಕರಣ ಘಟಕವು ಕೆಟ್ಟು ನಿಂತಿದ್ದರೆ ಅದನ್ನು ಮೊದಲು ಕೇಳಬೇಕಾದವರು, ಆ ನೀರನ್ನು ಇನ್ನೂ ಅರುವತ್ತು ವರ್ಷ ಕುಡಿಯಬೇಕಾದ ಆ ಮಕ್ಕಳೇ.