ಗಟ್ಟಿ ಮನಸ್ಸೊಂದೇ ಸಾಕೇ?

ಕುಡಿತ ಬಿಡಲು ಗಟ್ಟಿ ಮನಸ್ಸೊಂದೇ ಸಾಕು, ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳೆಲ್ಲ ಬರೀ ದೇವರ ಮಾತು, ಕಾಲಹರಣ ಎನ್ನುತ್ತದೆ ಕಳೆದ ವಾರದ ಲೇಖನ. ಒಪ್ಪಲಾರೆ. ನನ್ನಣ್ಣ ಎಷ್ಟೋ ಸಲ ಮಂಜುನಾಥ ಸ್ವಾಮಿಯ ಮೇಲೆ ಆಣೆ ಇಟ್ಟ, ಅಷ್ಟೂ ಸಲ ಮುರಿದ. ಮನಸ್ಸಿರಲಿಲ್ಲ ಎಂದಲ್ಲ, ಸಂಜೆ ಏಳಕ್ಕೆ ಕೈ ನಡುಗುವಾಗ ಅದನ್ನು ಬಲ್ಲವರು ಜೊತೆಗಿರಲಿಲ್ಲ. ಕೊನೆಗೆ ಅವನು ಹೋದ ಸಭೆಯಲ್ಲಿ ಪಕ್ಕದ ಕುರ್ಚಿಯವರು ಚಹಾದ ಲೋಟ ಕೈಗಿಟ್ಟು, 'ಇವತ್ತೊಂದು ದಿನ ನೋಡೋಣ' ಎಂದರು. ಅಲ್ಲಿ ಶುಲ್ಕವಿಲ್ಲ, ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ದೇವರ ಕಲ್ಪನೆ ಅವರವರಿಗೆ ಬಿಟ್ಟದ್ದು. ಕಾಲಹರಣವೇ? 27 ಅಧ್ಯಯನಗಳನ್ನು ತೂಗಿದ 2020ರ ಕಾಕ್ರೇನ್ ವಿಮರ್ಶೆ, ಕುಡಿತ ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಇತರ ಚಿಕಿತ್ಸೆಗಳಿಗಿಂತ ಈ ದಾರಿಯೇ ಮೇಲೆಂದು ಕಂಡಿತು. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಹಾಗಾಗಿ ವೈದ್ಯರೂ ಬೇಕು. ನೆರವು ಬೇಕಾದವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.