ಹಲ್ಲು ನೋಡಿ ಹಸು ಕೊಳ್ಳುವ ನಾವು

ಸಂತೆಯಲ್ಲಿ ಹಸು ಕೊಳ್ಳುವಾಗ ನಾವು ಮೊದಲು ನೋಡುವುದು ಬಾಯಿ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ತಿಳಿದ ಮೇಲೆಯೇ ಬೆಲೆಯ ಮಾತು. ಆದರೆ ಮನೆಯಲ್ಲಿರುವ ಮಗುವಿನ ಮೇಲ್ತುಟಿ ಎತ್ತಿ ಹಲ್ಲು ನೋಡಿದ್ದು ಯಾವಾಗ? ಅಕ್ಕತಂಗಿಯರೇ, ಈ ಪ್ರಶ್ನೆಯನ್ನು ನಾನು ಮೊದಲು ನನಗೇ ಕೇಳಿಕೊಂಡೆ. ಕೇಳಿಕೊಳ್ಳುವಷ್ಟರಲ್ಲಿ ತಡವಾಗಿತ್ತು.

ನನ್ನ ದೊಡ್ಡ ಮಗನಿಗೆ ಐದು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಕೆನ್ನೆ ಊದಿಕೊಂಡಿತ್ತು. ರಾತ್ರಿಯೆಲ್ಲ ಅವನಿಗೆ ನಿದ್ದೆಯಿರಲಿಲ್ಲ. "ಪೇಟೆಗೆ ಹೋಗೋಣ ಬಾ, ಐಸ್‌ಕ್ರೀಮ್ ಕೊಡಿಸ್ತೀನಿ" ಎಂದು ಸುಳ್ಳು ಹೇಳಿ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕುರ್ಚಿ ಕಂಡದ್ದೇ ತಡ, ಮಗು ಚೀರಿಕೊಂಡಿತು. ಬಾಯಿ ಬಿಡಲಿಲ್ಲ. ಇಬ್ಬರು ಹಿಡಿದುಕೊಂಡ ಮೇಲೆ ಹಲ್ಲು ಕಿತ್ತರು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇವತ್ತಿಗೂ ಆಸ್ಪತ್ರೆ ಎಂದರೆ ಹಿಂದೆ ಸರಿಯುತ್ತಾನೆ. ಆ ಹೆದರಿಕೆ ಡಾಕ್ಟರು ಕೊಟ್ಟದ್ದಲ್ಲ, ನಾನು ಕೊಟ್ಟದ್ದು.

ಚೊಚ್ಚಲ ಕಡಸು ಕರು ಹಾಕಿದ ದಿನವೇ ಒಮ್ಮೆಲೇ ಹಾಲು ಕರೆಯಲು ಕೂತರೆ ಒದೆಯುತ್ತದೆ ಎಂದು ನಮಗೆ ಗೊತ್ತು. ಅದಕ್ಕೇ ಮೊದಲಿನಿಂದಲೇ ಮೈ ತೀಡಿ, ಕೆಚ್ಚಲು ಸವರಿ, ಕರೆಯುವ ಜಾಗದಲ್ಲಿ ಕಟ್ಟಿ ರೂಢಿ ಮಾಡಿಸುತ್ತೇವೆ. ಕಡಸಿಗೆ ತೋರಿಸುವ ಈ ತಾಳ್ಮೆಯನ್ನು ಮಗುವಿಗೂ ತೋರಿಸಬೇಕು ಎಂಬುದೇ ನನ್ನ ಮಾತು.

"ಬಿದ್ದು ಹೋಗೋ ಹಲ್ಲಿಗೆ ಯಾಕಮ್ಮ ಡಾಕ್ಟರು?" ಎಂದು ನಮ್ಮತ್ತೆ ಕೇಳಿದ್ದರು. ಎಲ್ಲ ಮನೆಯಲ್ಲೂ ಈ ಮಾತು ಇದೆ. ಹಾಲುಹಲ್ಲುಗಳು ಒಟ್ಟು 20. ಸುಮಾರು 6ನೇ ತಿಂಗಳಿಗೆ ಮೂಡಲು ಶುರುವಾಗಿ 3 ವರ್ಷದ ಹೊತ್ತಿಗೆ ಎಲ್ಲವೂ ಬಂದಿರುತ್ತವೆ. ಮುಂದಿನವು 6–7 ವರ್ಷಕ್ಕೆ ಬಿದ್ದರೂ ದವಡೆ ಹಲ್ಲುಗಳು 10–12 ವರ್ಷದವರೆಗೆ ಉಳಿಯಬೇಕು. ಅಲ್ಲಿಯವರೆಗೆ ಮಗು ರೊಟ್ಟಿ, ಕಡಲೆ ಅಗಿಯುವುದರಲ್ಲಿ ಅವುಗಳ ಪಾಲು ದೊಡ್ಡದು. ಮುಂದೆ ಬರುವ ಹಲ್ಲಿಗೆ ಜಾಗ ಕಾಯುವುದೂ ಅವೇ. ಅವಧಿಗೆ ಮೊದಲೇ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಹೊಸದು ಸೊಟ್ಟಗೆ ಬರಬಹುದು.

ಇನ್ನೊಂದು ಮಾತನ್ನು ಹಾಲು ಮಾರುವ ನಾವೇ ಹೇಳಬೇಕು. ಹಾಲು ಹಲ್ಲಿಗೆ ಶತ್ರುವಲ್ಲ. ಆದರೆ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಿಗಿಟ್ಟು ಮಗುವನ್ನು ಮಲಗಿಸಿದರೆ ಆಪತ್ತು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಿಹಿ ರಾತ್ರಿಯೆಲ್ಲ ಮುಂದಿನ ಹಲ್ಲಿಗೆ ಅಂಟಿಕೊಂಡಿರುತ್ತದೆ. ಬೆಳಗಿನ ಜಾವಕ್ಕೆ ಕೊಟ್ಟಿಗೆಗೆ ಹೋಗುವಾಗ ಮಗು ಏಳದಿರಲಿ ಎಂದು ನಾನೂ ಹಾಗೆ ಬಾಟಲಿ ಕೊಟ್ಟವಳೇ. ಹಾಲು ಕುಡಿಸಿ, ಹಸಿ ಬಟ್ಟೆಯಲ್ಲಿ ಹಲ್ಲು ಒರೆಸಿ ಆಮೇಲೆ ಮಲಗಿಸಿ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆಗಲೇ ತೋರಿಸಿ.

ನೋವು ಬರಲಿ ಎಂದು ಕಾಯಬಾರದು. ಮೊದಲ ಹಲ್ಲು ಬಂದು 6 ತಿಂಗಳೊಳಗೆ, ಅಂದರೆ ಹೆಚ್ಚುಕಡಿಮೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ, ಒಮ್ಮೆ ತೋರಿಸಿ ಎನ್ನುತ್ತಾರೆ ಮಕ್ಕಳ ದಂತವೈದ್ಯರು. ನೋವಿಲ್ಲದಾಗ ಹೋದರೆ ಅಲ್ಲಿ ಸಾಮಾನ್ಯವಾಗಿ ನೋಡುವುದು, ಎಣಿಸುವುದು ಅಷ್ಟೇ. ಹೆದರಲು ಕಾರಣವೇ ಇರುವುದಿಲ್ಲ.

ಹೋಗುವ ಒಂದು ವಾರ ಮೊದಲು ಮನೆಯಲ್ಲೇ ಆಟ ಶುರು ಮಾಡಿ. ಮಗುವನ್ನು ನಿಮ್ಮ ಕಡೆ ಮುಖ ಮಾಡಿ ತೊಡೆಯ ಮೇಲೆ ಕೂರಿಸಿಕೊಂಡು, ಎದುರು ಕೂತ ಅಜ್ಜಿಯ ಮಡಿಲಿಗೆ ತಲೆ ಬರುವಂತೆ ಹಿಂದಕ್ಕೆ ಒರಗಿಸಿ. ಅಜ್ಜಿ ಹಲ್ಲು ಎಣಿಸಲಿ. ಪುಟ್ಟ ಮಕ್ಕಳನ್ನು ಡಾಕ್ಟರು ನೋಡುವುದೂ ಹೆಚ್ಚಾಗಿ ಹೀಗೆಯೇ. "ನೋವಾಗಲ್ಲ" ಎನ್ನಬೇಡಿ, ಆ ಮಾತಿನಿಂದಲೇ ನೋವಿನ ನೆನಪಾಗುತ್ತದೆ. "ಡಾಕ್ಟರು ನಿನ್ನ ಹಲ್ಲು ಎಣಿಸ್ತಾರೆ" ಎಂದರೆ ಸಾಕು. "ಗಲಾಟೆ ಮಾಡಿದ್ರೆ ಸೂಜಿ ಚುಚ್ಚಿಸ್ತೀನಿ" ಎಂಬ ಬೆದರಿಕೆ ಇವತ್ತಿನಿಂದಲೇ ನಿಲ್ಲಲಿ. ನಮ್ಮ ಹಲ್ಲು ಕೀಳಿಸಿಕೊಂಡ ಕಥೆಯೂ ಮಗುವಿನ ಮುಂದೆ ಬೇಡ. ಅಲ್ಲಿ ಅತ್ತರೆ ಬೈಯಬೇಡಿ, ನಗಬೇಡಿ, ಕೈ ಹಿಡಿದುಕೊಳ್ಳಿ. ಬೆಳಗಿನ ಹಾಲು ಡೇರಿಗೆ ಹಾಕಿ, ತಿಂಡಿ ತಿನ್ನಿಸಿ ಹೊರಟರೆ ಮಗುವೂ ಗೆಲುವಾಗಿರುತ್ತದೆ, ಸಂಜೆ ಹಾಲು ಕರೆಯುವ ಹೊತ್ತಿಗೆ ನಾವೂ ಮನೆ ಸೇರಬಹುದು. ತಾಲ್ಲೂಕು ಆಸ್ಪತ್ರೆಗೆ ಹಲ್ಲಿನ ಡಾಕ್ಟರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ.

ನಮ್ಮ ಸಂಘಗಳಿಗೂ ಒಂದು ಕೋರಿಕೆ. ಕಾಲುಬಾಯಿ ಜ್ವರದ ಲಸಿಕೆಯ ದಿನವನ್ನು ಹಲಗೆಯಲ್ಲಿ ಬರೆದು, ಒಂದು ದನವೂ ತಪ್ಪದಂತೆ ನೋಡಿಕೊಳ್ಳುತ್ತೇವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ 2 ಬಾರಿ ಅಂಗನವಾಡಿಗೆ ಬಂದು ಮಕ್ಕಳ ಹಲ್ಲನ್ನೂ ನೋಡಬೇಕೆಂಬ ಏರ್ಪಾಡಿದೆ. ಆ ದಿನವನ್ನೂ ಅದೇ ಹಲಗೆಯಲ್ಲಿ ಬರೆಯಲಿ. ಖರ್ಚು ಒಂದು ಸೀಮೆಸುಣ್ಣದ ಚೂರು.

ಮಗಳಿಗೆ ಎರಡು ವರ್ಷವಾದಾಗ ಹೀಗೆ ರೂಢಿ ಮಾಡಿಸಿ ಕರೆದುಕೊಂಡು ಹೋದೆ. ಡಾಕ್ಟರು ಎಣಿಸಿದರು, ಹದಿನಾರು. ಅವಳೂ ಜೊತೆಗೆ ತೊದಲುತ್ತ ಎಣಿಸಿದಳು. ಅವಳಣ್ಣ ಬಾಗಿಲಲ್ಲೇ ನಿಂತಿದ್ದ. ತಂಗಿ ಅಳಲಿಲ್ಲ ಎಂದು ಕಂಡು ಎರಡು ಹೆಜ್ಜೆ ಒಳಗೆ ಬಂದ. ನನಗೆ ಅಷ್ಟೇ ಸಾಕಾಗಿತ್ತು. ನಾನು ಎರಡನೇ ವರ್ಷಕ್ಕೆ ಕರೆದುಕೊಂಡು ಹೋದೆ, ನೀವು ಒಂದಕ್ಕೇ ಹೋಗಿ.