ರುಚಿ ಕಾಡಿನದಲ್ಲ, ಕಾಚಂಪುಳಿಯದು

ಮಳೆ ಹಿಂದೆ ಸರಿದು ಚಳಿ ಶುರುವಾಯಿತೆಂದರೆ ಕೊಡಗಿನ ಪೇಟೆಗಳಲ್ಲಿ ಒಂದು ಪಿಸುಮಾತು ಓಡಾಡತೊಡಗುತ್ತದೆ. ‘ಒಳ್ಳೇ ಐಟಂ ಬಂದಿದೆ, ಬೇಕಾ?’ ಐಟಂ ಅಂದರೇನು ಎಂದು ಕೇಳುವವರೂ ಇಲ್ಲ, ಬಿಡಿಸಿ ಹೇಳುವವರೂ ಇಲ್ಲ. ಕಾಡುಹಂದಿ, ಇಲ್ಲವೇ ಕಡವೆ. ಕೊಳ್ಳುವವರು ಹೊಟ್ಟೆಗಿಲ್ಲದವರೇನಲ್ಲ. ಶನಿವಾರ ನೆಂಟರು ಬರುತ್ತಾರೆ, ಅಂಗಳದಲ್ಲಿ ಕೆಂಡ ಹಾಕಿ ಸುಟ್ಟು ಬಡಿಸಿ ಭೇಷ್ ಅನ್ನಿಸಿಕೊಳ್ಳಬೇಕು ಎಂಬ ಹುಮ್ಮಸ್ಸಿನವರು.

ಈ ಹುಮ್ಮಸ್ಸಿಗೆ ಕೊಡುವ ಉತ್ತರ ರೆಡಿಯಾಗಿದೆ: ‘ನಮ್ಮ ಅಜ್ಜಂದಿರು ತಿನ್ನುತ್ತಿರಲಿಲ್ಲವೇ?’ ತಿನ್ನುತ್ತಿದ್ದರು, ನಿಜ. ಆದರೆ ಅಜ್ಜಂದಿರ ಬೇಟೆ ಊರಿನ ಬೇಟೆ. ಹೋದವರಿಗೆಲ್ಲ ಪಾಲು, ಮಾರಾಟದ ಮಾತಿಲ್ಲ. ಈಗ ತಕ್ಕಡಿ ಬಂದಿದೆ. ಕಾನೂನೂ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಲೈಸೆನ್ಸ್ ಬೇಟೆಗೆ ಸ್ವಲ್ಪ ಸಂದು ಬಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಭಯಾರಣ್ಯದೊಳಗೆ ಹೊಡೆದದ್ದಾದರೆ 3ರಿಂದ 7 ವರ್ಷ. ಹೊಡೆದವನು ಮಾತ್ರ ಕಳ್ಳ, ತಿಂದವನು ಸಾಚಾ ಎಂದು ಈ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಫ್ರಿಜ್ಜಿನಲ್ಲಿ ಸಿಕ್ಕ ಮಾಂಸವೂ ಕೇಸೇ.

ಹೋಗಲಿ, ಅಷ್ಟು ಕಷ್ಟಪಟ್ಟು ತಂದ ಮಾಂಸದಲ್ಲಿ ಇರುವುದಾದರೂ ಏನು? ಕಾಡಲ್ಲಿ ಓಡಾಡಿದ ಪ್ರಾಣಿಗೆ ಕೊಬ್ಬು ಕಮ್ಮಿ. ಕೆಂಡದ ಮೇಲಿಟ್ಟರೆ ಬೇಗ ಒಣಗಿ ಚಪ್ಪಲಿ ಚರ್ಮ. ಅದಕ್ಕೇ ಹಳಬರು ಕಾಚಂಪುಳಿ ಹಾಕಿ ಹೊತ್ತುಗಟ್ಟಲೆ ಬೇಯಿಸುತ್ತಿದ್ದರು. ಪಣಪುಳಿ ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಕಪ್ಪಗೆ ಇಳಿಸಿದ ಆ ಹುಳಿ, ಹುರಿದು ಕುಟ್ಟಿದ ಕಾಳುಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ. ಬಾಯಲ್ಲಿ ನೀರೂರಿಸುವುದು ಇವು. ಪಂದಿ ಕರಿ ಊರಿಂದೂರಿಗೆ ಹೆಸರು ಮಾಡಿದ್ದು ಸಾಕಿದ ಹಂದಿಯ ಮೇಲೆಯೇ ಎಂಬುದನ್ನು ಮರೆಯಬಾರದು.

ಕೆಂಡದ ಮೇಲೆ ಸುಡುವ ಆಸೆಯೇ? ತಪ್ಪೇನಿಲ್ಲ. ಅಂಗಡಿಯಿಂದ ಸಾಕಿದ ಹಂದಿಯ ಭುಜದ ಮಾಂಸ ಒಂದು ಕೆ.ಜಿ. ತಂದು ಬೆರಳು ದಪ್ಪಕ್ಕೆ ಕುಯ್ಯಿಸಿದರಾಯಿತು. ಉಪ್ಪು, ಅರಿಶಿನ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಮೇಲೆ ಹೇಳಿದ ಪುಡಿ, ಎರಡು ಚಮಚ ಕಾಚಂಪುಳಿ ಸವರಿ ಎರಡು ಮೂರು ಗಂಟೆ ಇಟ್ಟರೆ ಸಾಕು. ರಾತ್ರಿಯೆಲ್ಲ ಹುಳಿಯಲ್ಲಿಟ್ಟರೆ ಒಳಕ್ಕೇನೂ ಇಳಿಯೋಲ್ಲ, ಮೇಲ್ಪದರ ಹಿಟ್ಟಾಗುತ್ತದೆ ಅಷ್ಟೆ. ಉರಿ ಆರಿ ಕೆಂಡದ ಮೇಲೆ ಬೂದಿ ಕಟ್ಟಿದ ಮೇಲೆ ಇಟ್ಟು, ನಡುವೆ ಕೆಂಪು ಉಳಿಯದಂತೆ ಬೇಯಿಸಬೇಕು. ಹೀಗೆ ಮಾಡಿದ್ದನ್ನು ತಿಂದು ಇದು ಕಾಡಿನದಲ್ಲ ಎಂದು ಮೂಗು ಮುರಿಯುವ ನೆಂಟನಿದ್ದರೆ, ಅವನು ಬೇರೆ ಮನೆ ನೋಡಿಕೊಳ್ಳಲಿ.

ಇನ್ನೊಂದು ಸಂಗತಿ. ಕಾಡುಹಂದಿಯ ಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿ ಇರಬಹುದು. ಅರೆಬೆಂದದ್ದನ್ನು ತಿಂದರೆ ಅದು ಮನುಷ್ಯನ ಮೈಯೊಳಗೆ ಮನೆ ಮಾಡುತ್ತದೆ. ಉಪ್ಪು, ಹುಳಿ, ಹೊಗೆ ಇದನ್ನು ಕೊಲ್ಲುತ್ತವೆಂದು ನಂಬುವಂತಿಲ್ಲ. ಪೂರ್ತಿ ಬೇಯಬೇಕು. ಗುಂಡು ಹೊಡೆದ ಮಾಂಸದಲ್ಲಿ ಸೀಸದ ಚೂರುಗಳು ಬೇರೆ. ಸೀಸ ಮಕ್ಕಳ ಮಿದುಳಿಗೆ ವಿಷ. ಕದ್ದು ತಂದ ಮಾಂಸವನ್ನು ತಪಾಸಣೆ ಮಾಡುವ ಡಾಕ್ಟರು ಯಾರು?

ಬಂದೂಕಿಗಿಂತಲೂ ಕೆಟ್ಟದ್ದು ತಂತಿಯ ಉರುಳು. ಹಂದಿಗೆಂದು ಬೇಲಿಯಲ್ಲಿ ಕಟ್ಟಿದ ಉರುಳಿಗೆ ಚಿರತೆ, ಹುಲಿ, ಮನೆಯ ನಾಯಿ ಯಾವುದಾದರೂ ಬೀಳಬಹುದು. ಸಿಡಿಮದ್ದಿನ ಕಥೆ ಇನ್ನೂ ಘೋರ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನ ಕಡೆ ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾದ ಬಸುರಿ ಆನೆ, ಹೊಳೆಯ ನೀರಲ್ಲಿ ನಿಂತಲ್ಲೇ ಸತ್ತದ್ದನ್ನು ದೇಶವೇ ನೋಡಿತು. ಐಟಂ ಕೊಳ್ಳುವವರ ದುಡ್ಡು ಹೋಗಿ ಸೇರುವುದು ಇಂಥ ಕೈಗಳಿಗೆ.

ಹಾಗಂತ ರೈತನ ಗೋಳು ಸುಳ್ಳಲ್ಲ. ಒಂದೇ ರಾತ್ರಿಯಲ್ಲಿ ಹಂದಿ ಹಿಂಡು ಗದ್ದೆಗೆ ನುಗ್ಗಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಬೆಳೆಗೆ ಅಪಾಯವಾದಾಗ ಅಧಿಕಾರಿಯ ಲಿಖಿತ ಅನುಮತಿಯ ಮೇಲೆ ಕೆಲವು ಪ್ರಾಣಿಗಳನ್ನು ಹೊಡೆಯಲು ಕಾಯ್ದೆಯ 11ನೇ ಕಲಂನಲ್ಲಿ ದಾರಿಯಿದೆ. ಹಾಗೆ ಹೊಡೆದದ್ದು ಸರ್ಕಾರದ ಸೊತ್ತು, ಯಾರ ಸಾರಿಗೂ ಅಲ್ಲ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರವೂ ಉಂಟು. ಆದರೆ ಅರ್ಜಿ ಹಿಡಿದು ಬಸ್ಸಿಗೆ ದುಡ್ಡು ಸುರಿದು ಅಲೆದವನಿಗೆ ಪರಿಹಾರ ಯಾವ ಕಾಲಕ್ಕೆ ಕೈಗೆ ಬಂದೀತು ಎಂಬ ಗ್ಯಾರಂಟಿ ಇಲ್ಲದಿದ್ದರೆ, ಅವನ ಕಣ್ಣು ಉರುಳಿನ ಕಡೆ ಹೊರಳದೆ ಇದ್ದೀತೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಉರುಳು ಕಟ್ಟಿದ ಕೂಲಿಯವನೊಬ್ಬನನ್ನು ಹಿಡಿದು ಫೋಟೋ ತೆಗೆಸಿಕೊಂಡರೆ ಕೆಲಸ ಮುಗಿಯಲಿಲ್ಲ. ಆರ್ಡರ್ ಕೊಡುವ ದೊಡ್ಡ ಮನೆಗಳ, ಗುಟ್ಟಾಗಿ ಬಡಿಸುವ ತಂಗುಮನೆಗಳ ಬಾಗಿಲನ್ನೂ ಇಲಾಖೆ ತಟ್ಟಬೇಕು. ರೈತನ ಅರ್ಜಿ ಮೇಜಿನ ಮೇಲೆ ಕೊಳೆಯಬಾರದು. ಇವೆರಡೂ ಆದರೆ ಐಟಂ ವ್ಯಾಪಾರ ತಾನಾಗಿ ಬಾಡುತ್ತದೆ. ಸಂಬಂಧಪಟ್ಟವರು ಕಣ್ಣು ಬಿಡುವರೇ?